ನಮ್ಮ ಜಗಲಿಯನ್ನು ತಾವು ವೇದಿಕೆ ಎಂದು ಕರೆಯುತ್ತಿರುವ ಬಗ್ಗೆ

ಸುರಬಾಯಾ ನಗರದ ಕೆನಾಂಗಾ ಗಲ್ಲಿಯ ಮುಖಂಡರೂ, ಆ ಗಲ್ಲಿಯ ಏಕೈಕ ಮೈಕಿನ ಒಡೆಯರೂ, ಅಲ್ಲಿನ ಸಕಲ ಭಾನುವಾರಗಳ ಅಧಿಪತಿಗಳೂ ಆದ, ಎಲ್ಲರೂ ಹಿರಿಯರೆಂಬ ಗೌರವದಿಂದ ಪಾಕ್ ಎನ್ನುವ ಕಸಿಯಾದಿಯವರ ಸನ್ನಿಧಿಗೆ, ಅದೇ ಗಲ್ಲಿಯ ತುದಿಮನೆಗೆ ಹೊಸದಾಗಿ ಬಂದಿರುವ ಲರಾಸ್ ಎಂಬ ಮದುಮಗಳು ತಲೆಬಾಗಿ ಮಾಡುವ ವಂದನೆಗಳು.

ಮಾನ್ಯರೇ, ಮೈಕುಧಾರಿಗಳೇ,

ತಾವೂ, ನಾವು ಅಮ್ಮನೆಂಬಂತೆ ಬು ಎನ್ನುವ ತಮ್ಮ ಶ್ರೀಮತಿ ಸುಲಾಮಿಯವರೂ, ತಮ್ಮ ಪಂಜರದ ಹಕ್ಕಿಗಳೂ ಕ್ಷೇಮವೆಂದು ಭಾವಿಸುತ್ತೇನೆ. ಭಾವಿಸುವುದೇನು ಬಂತು, ಪ್ರತಿ ಭಾನುವಾರ ನಾನು ಹಾಸಿಗೆಯಲ್ಲಿ ಮಗ್ಗುಲು ಬದಲಿಸುವ ಮೊದಲೇ ತಾವು ಮೈಕಿನಲ್ಲಿ "ಹಲೋ, ಹಲೋ, ತುದೀಗೆ ಕೇಳ್ತಿದೆಯಾ?" ಎಂದು ವಿಚಾರಿಸುವುದರಿಂದ, ಆ ತುದಿ ನಾವೇ ಆಗಿರುವುದರಿಂದ, ತಮ್ಮ ಆರೋಗ್ಯದ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಕೇಳುತ್ತಿದೆ, ಮಾನ್ಯರೇ. ಬಹಳ ಚೆನ್ನಾಗಿ ಕೇಳುತ್ತಿದೆ.

ಈ ದೂರನ್ನು ತಮ್ಮ ಮನೆಗೇ ಬಂದು ಬಾಯಿಮಾತಿನಲ್ಲಿ ಹೇಳಬಹುದಿತ್ತು. ಎರಡು ಸಲ ಬಂದೂ ಇದ್ದೆ. ಆದರೆ ಬು ಸುಲಾಮಿಯವರು ಬಾಗಿಲಲ್ಲೇ ಕೂರಿಸಿ ಕರಿದ ಬಾಳೆಹಣ್ಣು ಕೊಟ್ಟುಬಿಡುತ್ತಾರೆ, ಬಿಸಿ ಬಾಳೆಹಣ್ಣನ್ನು ಬಾಯಲ್ಲಿಟ್ಟುಕೊಂಡು ಆವೇಶದಿಂದ ಮಾತಾಡಲು ನನ್ನ ಶಾಲೆಯಲ್ಲಿ ಕಲಿಸಿರಲಿಲ್ಲ. ಆದಕಾರಣ ಇದನ್ನು ಬಹಿರಂಗ ಪತ್ರವನ್ನಾಗಿ ಮಾಡಿ, ಗಲ್ಲಿಯ ಬಾಯಿಯಲ್ಲಿರುವ ಕಾವಲು ಗುಡಿಸಲಿನ ಹಲಗೆಗೆ, ಸೊಳ್ಳೆ ಔಷಧಿ ಹೊಡೆಯುವ ಪ್ರಕಟಣೆಯ ಪಕ್ಕದಲ್ಲಿ ಅಂಟಿಸುತ್ತಿದ್ದೇನೆ. ಸಂಬಂಧವಿರುವವರೂ ಇಲ್ಲದವರೂ ಓದಲಿ. ಈ ಗಲ್ಲಿಯಲ್ಲಿ ಸಂಬಂಧವಿಲ್ಲದವರು ಯಾರೂ ಇಲ್ಲ ಎಂಬುದೇ ನನ್ನ ದೂರಿನ ಅರ್ಧಭಾಗ.

ಸಾರಾಂಶ ಇಷ್ಟು: ನಮ್ಮ ಮನೆ ಮಾರಾಟವಾಗಲಿಲ್ಲ, ಅದಕ್ಕೆ ತಾವೇ ಕಾರಣ. ಉಳಿದದ್ದೆಲ್ಲ ವಿವರ.

ವಿವರವನ್ನು ನನ್ನ ಗಂಡನಿಂದಲೇ ಶುರುಮಾಡುತ್ತೇನೆ, ಏಕೆಂದರೆ "ನನ್ನ ಗಂಡ" ಎಂದು ಬರೆಯುವಾಗ ನನಗೆ ಇನ್ನೂ ಪುಳಕವಾಗುತ್ತದೆ, ಸಿಕ್ಕ ಅವಕಾಶವನ್ನು ಬಿಡಲು ಮನಸ್ಸಿಲ್ಲ. ನನ್ನ ಗಂಡ ದಮಾರ್ ಲೆಕ್ಕಾಚಾರದ ಮನುಷ್ಯ. ನಾವು ಮದುವೆಯಾಗಲು ಹೊರಟಾಗ ಅವನು, "ಊಟ ಹಾಕಿಸಿದ್ರೆ ಒಂದು ದಿನದಲ್ಲಿ ಮುಗಿದುಹೋಗತ್ತೆ ಕಣೆ, ಮನೆ ತಗೊಂಡ್ರೆ ಬೆಳೆಯತ್ತೆ" ಎಂದ. ನನಗೆ ಅದು ಪ್ರೇಮಗೀತೆಯಂತೆ ಕೇಳಿಸಿತು. ಹಾಗಾಗಿ ಸರ್ಕಾರಿ ವಿವಾಹ ಕಚೇರಿಯಲ್ಲಿ ಅಧಿಕಾರಿಯ ಮುಂದೆ ಕೂತು ಮದುವೆಯಾದೆವು, ಹೊರಗೆ ಬಂದು ತಳ್ಳುಗಾಡಿಯಲ್ಲಿ ಮಾಂಸದುಂಡೆಯ ಸಾರು ಕುಡಿದೆವು, ಊಟಕ್ಕೆಂದು ಎರಡೂ ಮನೆಯವರು ಕೂಡಿಟ್ಟದ್ದನ್ನು ತಂದು ತಮ್ಮ ಗಲ್ಲಿಯ ತುದಿಮನೆಗೆ ಸುರಿದೆವು. ಅಂದಿನಿಂದ ನನ್ನ ಅಮ್ಮ ಫೋನಿನಲ್ಲಿ ಹವಾಮಾನದ ವಿಷಯವೊಂದನ್ನು ಬಿಟ್ಟು ಬೇರೇನನ್ನೂ ಮಾತಾಡುತ್ತಿರಲಿಲ್ಲ. ನಾವಿಬ್ಬರೂ ಒಂದೇ ಊರಿನವರಾದ್ದರಿಂದ ಆ ವಿಷಯದಲ್ಲೂ ಹೊಸದೇನೂ ಸಿಗುತ್ತಿರಲಿಲ್ಲ.

ತುದಿಮನೆ ಎಂಥದ್ದೆಂದು ತಮಗೆ ಗೊತ್ತು. ಗಲ್ಲಿ ನೇರವಾಗಿ ಓಡಿ ಬಂದು, ಕೆಂಡದಲ್ಲಿ ಸುಡುವ ಸಾತೆಯ ಮಾಂಸಕ್ಕೆ ಕಡ್ಡಿ ಚುಚ್ಚಿದ ಹಾಗೆ, ಅದರ ಎದೆಗೇ ಚುಚ್ಚುತ್ತದೆ. ಇಂಥ ಕುತ್ತಿನ ಮನೆ ಕೊಂಡವರಿಗೆ ಕಾಯಿಲೆ, ಕಲಹ, ನಷ್ಟ ತಪ್ಪಿದ್ದಲ್ಲ ಎಂದು ಈ ಊರಿನಲ್ಲಿ ಎಲ್ಲರೂ ನಂಬುತ್ತಾರೆ. ಎಲ್ಲರೂ ಎಂದರೆ ಇಂಗ್ಲಿಷ್ ಶಾಲೆಯಲ್ಲಿ ಓದಿದ ನಾವಿಬ್ಬರನ್ನು ಬಿಟ್ಟು. "ಭಯ ಅಂದ್ರೆ ರಿಯಾಯಿತಿ ಕಣೆ," ಎಂದ ದಮಾರ್. "ಅವರು ಹೆದರ್ತಾರೆ, ನಾವು ತಗೋತೀವಿ. ಬಣ್ಣ ಹೊಡೀತೀವಿ. ಹೆದರದವನು ಇನ್ನೊಬ್ಬ ಸಿಕ್ಕೇ ಸಿಕ್ತಾನೆ, ಅವನಿಗೆ ಮಾರ್ತೀವಿ." ಮಾರಿ ಬಂದದ್ದರಲ್ಲಿ ಊರಿನ ಪಶ್ಚಿಮಕ್ಕೆ ಏಳುತ್ತಿರುವ ಗಗನಚುಂಬಿಯೊಂದರಲ್ಲಿ ಫ್ಲಾಟು. ಅದನ್ನು ಕಾದಿರಿಸಿಯೂ ಬಿಟ್ಟಿದ್ದೆವು. ಮಳೆಗಾಲ ಕಾಲಿಡುವುದರೊಳಗೆ ಈ ಮನೆ ಹೋದರೆ ಆ ಫ್ಲಾಟು ನಮ್ಮದು, ಇಲ್ಲವಾದರೆ ಇಲ್ಲ. ನಾನು ಬೆಳೆದದ್ದು ಗೇಟು ಹಾಕಿದ ಬಡಾವಣೆಯಲ್ಲಿ, ಪಕ್ಕದ ಮನೆಯವರ ನಾಯಿಯ ಹೆಸರು ಗೊತ್ತಿತ್ತು, ಅವರ ಹೆಸರು ಗೊತ್ತಿರಲಿಲ್ಲ. ಅಂಥ ಶಾಂತಿಯನ್ನೇ ಇನ್ನೂ ಎತ್ತರದಲ್ಲಿ, ಈಜುಕೊಳದ ಸಮೇತ, ನನ್ನ ದಮಾರನ ಪಕ್ಕದಲ್ಲಿ ಕೂತು ಅನುಭವಿಸಬೇಕೆಂಬುದು ನನ್ನ ಚಿಕ್ಕ ಆಸೆಯಾಗಿತ್ತು.

ಮನೆ ಮಾರಿದವರು ನಮಗೆ ಎಲ್ಲವನ್ನೂ ತೋರಿಸಿದರು. ಬಾವಿ ತೋರಿಸಿದರು, ಸೋರುವ ಮೂಲೆಯನ್ನೂ ಪ್ರಾಮಾಣಿಕವಾಗಿ ತೋರಿಸಿದರು. ಜಗಲಿ ಇಷ್ಟು ಅಗಲವೇಕೆ ಎಂದು ಕೇಳಿದಾಗ ಮಾತ್ರ, "ಗಾಳಿ ಚೆನ್ನಾಗಿ ಬರತ್ತೆ" ಎಂದು ಹೇಳಿ ಬೇಗ ಚಹಾ ತರಲು ಒಳಗೆ ಹೋದರು.

ಆ ಗಾಳಿಯ ಮೊದಲ ಪರಿಚಯ ನಮಗಾದದ್ದು ಬಣ್ಣ ಇನ್ನೂ ಹಸಿಯಾಗಿದ್ದಾಗಲೇ. ಬೆಳಿಗ್ಗೆ ಬಾಗಿಲು ತೆರೆದರೆ ನಮ್ಮ ಜಗಲಿಯ ಕಂಬಗಳಿಗೆ ಬಿದಿರು ಕಟ್ಟಲಾಗುತ್ತಿತ್ತು, ಗಲ್ಲಿಯ ಉದ್ದಕ್ಕೂ ಶಾಮಿಯಾನ ಏಳುತ್ತಿತ್ತು, ತಾವು ಸ್ವತಃ ನಮ್ಮ ಮೆಟ್ಟಿಲ ಮೇಲೆ ನಿಂತು ಕೆಂಪು ರತ್ನಗಂಬಳಿ ಬಿಚ್ಚಿಸುತ್ತಿದ್ದಿರಿ. ದಮಾರ್ ಕಣ್ಣುಜ್ಜಿಕೊಳ್ಳುತ್ತಾ, "ಪಾಕ್, ಇದು ನಮ್ಮ ಮನೆ ಅಲ್ವಾ?" ಎಂದು ಕೇಳಿದ. ತಾವು ನೊಂದವರಂತೆ ಅವನನ್ನು ನೋಡಿ, ಅಣ್ಣನನ್ನು ಕರೆದಂತೆ ಚಾಕ್ ಎಂದು ಕರೆದು, "ಅಯ್ಯೋ ಚಾಕ್ ದಮಾರ್, ಮನೆ ನಿಮ್ಮದೇ. ಯಾರು ಇಲ್ಲ ಅಂದ್ರು? ವೇದಿಕೆ ಮಾತ್ರ ಗಲ್ಲೀದು" ಎಂದು ಹೇಳಿ, ನನ್ನ ಕಡೆ ತಿರುಗಿ, ತಂಗಿಯನ್ನು ಕರೆದಂತೆ ನಿಂಗ್ ಎಂದು ಕರೆದು, "ಕಿಟಕಿ ಹಾಕ್ಕೋ ನಿಂಗ್, ಧೂಳು ಬರತ್ತೆ" ಎಂದು ಕಾಳಜಿಯನ್ನೂ ತೋರಿದಿರಿ. ತಮ್ಮ ತಂದೆಯ ಕಾಲದಿಂದ ಈ ಗಲ್ಲಿಯ ಅಷ್ಟೂ ಮದುಮಕ್ಕಳು ಆ ಜಗಲಿಯ ಮೇಲೆ ಕೂತೇ ಕೈಕುಲುಕಿಸಿಕೊಂಡಿದ್ದಾರೆಂದು, ಗಲ್ಲಿಯ ಕಡ್ಡಿ ನೇರವಾಗಿ ಚುಚ್ಚುವ ಜಾಗವೇ ಎಲ್ಲರಿಗೂ ಕಾಣುವ ಜಾಗವೆಂದು, ಹಾಗಾಗಿ ಕೇಳುವ ಪದ್ಧತಿಯೇ ಇಲ್ಲವೆಂದು ನಮಗೆ ತಿಳಿದದ್ದು ಆಮೇಲೆ. ಕುತ್ತು ಎಂದರೆ ದೆವ್ವ ಎಂದುಕೊಂಡಿದ್ದೆವು, ಮಾನ್ಯರೇ. ದೆವ್ವವಾಗಿದ್ದರೆ ಮಂತ್ರ ಹಾಕಿಸಬಹುದಿತ್ತು.

ಆ ದಿನ ಮದುಮಗಳಾಗಿದ್ದದ್ದು ರುಜಾಕ್ ಎಂಬ ಹಣ್ಣು ತರಕಾರಿ ಕೋಸಂಬರಿ ಮಾರುವ ಅಂಗಡಿಯ ಬು ರುಕಯಾ ಅವರ ಮಗಳು. ಅವಳ ಸಿಂಹಾಸನ ನಮ್ಮ ಮುಂಬಾಗಿಲಿಗೆ ಆತುಕೊಂಡಿತ್ತು. ದಮಾರನಿಗೆ ಕಚೇರಿಯಲ್ಲಿ ತುರ್ತು ಕೆಲಸ. ಮನೆಗೆ ಹಿಂಬಾಗಿಲಿಲ್ಲ. ಅವನು ಬಾಗಿಲನ್ನು ಅರ್ಧ ತೆರೆದು, ಹೆಲ್ಮೆಟ್ ಹಾಕಿಕೊಂಡು, ಮದುಮಗ ಮದುಮಗಳ ನಡುವೆ ನುಸುಳಿ ಹೊರಟದ್ದೇ ತಪ್ಪಾಯಿತು. ಕೈಕುಲುಕಲು ನಿಂತ ಸಾಲು ಅವನನ್ನು ಬಿಡಲಿಲ್ಲ. ಒಬ್ಬ ಅಜ್ಜಿ ಹೆಲ್ಮೆಟ್ಟನ್ನು ಎರಡೂ ಕೈಯಿಂದ ಸವರಿ, "ಬೇಗ ಮಕ್ಕಳಾಗ್ಲಿ ಕಂದ, ತಲೆ ಯಾಕೆ ಇಷ್ಟು ಗಟ್ಟಿ?" ಎಂದು ಹರಸಿದರು. ಬು ರುಕಯಾ ಅವರ ಮನೆಯ ಗೋಡೆಯ ಮೇಲಿರುವ ದೊಡ್ಡ ಮದುವೆ ಫೋಟೋದಲ್ಲಿ ಇಂದಿಗೂ ಮದುಮಕ್ಕಳ ನಡುವೆ ನನ್ನ ಗಂಡ ಹೆಲ್ಮೆಟ್ ಸಮೇತ ನಗುತ್ತಾ ನಿಂತಿದ್ದಾನೆ. ಆ ಅಜ್ಜಿಯ ಆಶೀರ್ವಾದ ಯಾರ ಲೆಕ್ಕಕ್ಕೆ ಜಮೆಯಾಯಿತು ಎಂಬುದು ಎರಡೂ ಮನೆಗಳ ನಡುವೆ ಇನ್ನೂ ಇತ್ಯರ್ಥವಾಗಿಲ್ಲ.

ಅಲ್ಲಿಂದ ಮುಂದಿನದನ್ನು ನಾನು ಪಟ್ಟಿ ಮಾಡುವುದಿಲ್ಲ, ಏಕೆಂದರೆ ಅದು ದೂರಿನಂತೆ ಕಾಣದೆ ತಮ್ಮ ಸಾಧನೆಯ ವರದಿಯಂತೆ ಕಾಣುತ್ತದೆ. ಸುನ್ನತಿಯಾದ ಹುಡುಗನೊಬ್ಬ ಸುಲ್ತಾನನ ವೇಷದಲ್ಲಿ ನಮ್ಮ ಜಗಲಿಯ ಮೇಲೆ ಮಲಗಿ ಐಸ್‌ಕ್ರೀಮ್ ತಿಂದ. ಸ್ವಾತಂತ್ರ್ಯೋತ್ಸವಕ್ಕೆ ನಮ್ಮ ತೊಲೆಯಿಂದಲೇ ಕೃಪುಕ್ ಎಂಬ ಗರಿಗರಿ ಹಪ್ಪಳಗಳನ್ನು ದಾರದಲ್ಲಿ ಇಳಿಬಿಟ್ಟು, ಕೈಕಟ್ಟಿಕೊಂಡು ಬಾಯಿಯಲ್ಲೇ ಕಚ್ಚಿ ತಿನ್ನುವ ಸ್ಪರ್ಧೆ ನಡೆಯಿತು. ಅಂದು ತಾವು ದೇಶದ ಬಗ್ಗೆ ಮಾಡಿದ ಭಾಷಣ ಎಷ್ಟು ವಿಸ್ತಾರವಾಗಿತ್ತೆಂದರೆ, ದಾರದಲ್ಲಿ ತೂಗುತ್ತಿದ್ದ ಕೃಪುಕ್‌ಗಳೆಲ್ಲ ಗಾಳಿಗೆ ಮೆತ್ತಗಾಗಿ, ಹಲ್ಲಿಲ್ಲದ ಹಿರಿಯರಿಗೂ ಗೆಲ್ಲುವ ಸಮಾನ ಅವಕಾಶ ದೊರೆಯಿತು. ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ದೊಡ್ಡ ಸೇವೆ ಯಾವುದಿದೆ? ತಮ್ಮ ಸ್ಪೀಕರುಗಳೋ, ನಮ್ಮ ಅಡುಗೆಮನೆಯ ಲೋಟಗಳಿಗೆ ಕುಣಿಯಲು ಕಲಿಸಿವೆ. ಭಾನುವಾರದ ಚರಂಡಿ ಸ್ವಚ್ಛತೆಗೆ ತಾವು ಹೆಸರು ಹಿಡಿದು ಕರೆದದ್ದರಿಂದ, ಜೀವನದಲ್ಲಿ ಕಂಪ್ಯೂಟರಿನ ಹೊರತು ಬೇರೇನನ್ನೂ ಮುಟ್ಟದ ನನ್ನ ದಮಾರ್ ಮೊಣಕಾಲವರೆಗೆ ಕೆಸರಿನಲ್ಲಿ ನಿಂತು, ಮೇಲೆ ನಿಂತಿದ್ದ ನನಗೆ ಕೈಬೀಸಿದ. ಅವನು ನನಗೆ ಅಷ್ಟು ಚೆಂದ ಕಂಡದ್ದು ಅದೇ ಮೊದಲು. ಆದರೆ ಇದು ದೂರಿಗೆ ಸಂಬಂಧಿಸಿದ್ದಲ್ಲ.

ಈಗ ಕೊಳ್ಳುವವರ ವಿಷಯ. ಮೊದಲಿಗೆ ಬಂದವರು ಪಾಕ್ ಬುದಿಹಾರ್ಜೊ ಎಂಬ ಎಂಜಿನಿಯರು, ಕುತ್ತುಗಿತ್ತು ನಂಬದ ಪುಣ್ಯಾತ್ಮರು. ಯಾವ ಮದುವೆಯೂ ಇಲ್ಲದ ದಿನವನ್ನೇ ಆರಿಸಿ ಕರೆದಿದ್ದೆವು. ಆದರೆ ಗಲ್ಲಿಯ ಬಾಯಿಯಲ್ಲಿ "ಗಾಡಿಯಿಂದ ಇಳಿದು ತಳ್ಳಿಕೊಂಡು ಹೋಗಿ" ಎಂಬ ತಮ್ಮ ಫಲಕ ಇದೆಯಲ್ಲ. ಮಕ್ಕಳು ಆಡುವ ಜಾಗ, ಸರಿಯೇ. ಆದರೆ ಗಾಡಿ ಓಡಿಸಿಕೊಂಡು ಬಂದವನಿಗೆ ಮನೆ ಮಾತ್ರ ಕಾಣುತ್ತದೆ, ತಳ್ಳಿಕೊಂಡು ಬಂದವನಿಗೆ ಇಡೀ ಗಲ್ಲಿ ಮಾತಾಡಿಸಲು ಸಿಗುತ್ತದೆ. ಬು ರುಕಯಾ ಅವರು ರುಬ್ಬುತ್ತಿದ್ದ ಕಲ್ಲಿನಿಂದ ಕೈ ಎತ್ತದೆಯೇ ಅವರನ್ನು ಹಿಡಿದರು: "ಕುತ್ತಿನ ಮನೆ ನೋಡೋಕಾ ಪಾಕ್? ತಗೊಳ್ಳಿ, ತಗೊಳ್ಳಿ. ಭಾರಿ ಮನೆ. ಮದುವೆ ತಿಂಗಳಲ್ಲಿ ಒಂದು ದಿನಾನೂ ಬೇಜಾರಾಗಲ್ಲ. ನಿದ್ದೆ ಗಟ್ಟಿ ತಾನೇ ನಿಮ್ಮದು? ಹಾಡೋಕೆ ಬರತ್ತಾ?" ಅವರು ನಮ್ಮ ಮನೆಯ ಬಣ್ಣವನ್ನು ದೂರದಿಂದಲೇ ಮೆಚ್ಚಿ, ಗಾಡಿಯನ್ನು ತಿರುಗಿಸಿ, ಬಂದದ್ದಕ್ಕಿಂತ ಜೋರಾಗಿ ತಳ್ಳಿಕೊಂಡು ಹೋದರು. ನಾನು ಬು ರುಕಯಾ ಅವರನ್ನು ವಿಚಾರಿಸಲು ಹೋದೆ. "ಹೊಗಳಿದ್ದು ತಪ್ಪಾ ನಿಂಗ್?" ಎಂದು ಅವರು ಒಂದು ಪೊಟ್ಟಣ ರುಜಾಕ್ ಕಟ್ಟಿಕೊಟ್ಟರು. ಹುಳಿ, ಖಾರ, ಸಿಗಡಿ ಚಟ್ನಿ ಎಲ್ಲ ಹದವಾಗಿತ್ತು. ಬೆರಳು ನೆಕ್ಕಿಕೊಳ್ಳುತ್ತಾ ಮನೆಗೆ ಬಂದೆ.

ಮೋಡಗಳು ಕಪ್ಪಾಗತೊಡಗಿದ್ದವು. ದಮಾರ್ ಹೊಸ ಲೆಕ್ಕ ಹಾಕಿದ. ಜಗಲಿಗೆ ಎತ್ತರದ ಗೋಡೆ ಎತ್ತಿಬಿಡೋಣ, ಕಬ್ಬಿಣದ ಗೇಟು ಹಾಕೋಣ, ಗೋಡೆ ಎದ್ದರೆ ವೇದಿಕೆ ಇಲ್ಲ, ವೇದಿಕೆ ಇಲ್ಲದಿದ್ದರೆ ಮದುವೆ ಇಲ್ಲ, ಬಂದವರು ಓಡುವುದಿಲ್ಲ ಎಂದು. ಇಟ್ಟಿಗೆಯೂ ಬಂತು. ಅಷ್ಟರಲ್ಲಿ ದೇವರು ಕಳಿಸಿದಂತೆ ಬು ವಿದೂರಿ ಎಂಬವರು ಫೋನು ಮಾಡಿದರು. ನಯನಾಜೂಕಿಗೆ ಹೆಸರಾದ ಸೋಲೋ ನಗರದ ಕಡೆಯ ಹೆಂಗಸು, ಬೆಣ್ಣೆಯಂಥ ಮಾತು, ಬರುವ ಭಾನುವಾರ ಬಂದು ನೋಡುತ್ತೇನೆ, ಹಿಡಿಸಿದರೆ ಮರುದಿನವೇ ಮುಂಗಡ ಎಂದರು. ದಮಾರ್ ತಮ್ಮ ಬಳಿಗೆ ಓಡಿ ಬಂದು ಗೋಡೆಗೆ ಒಪ್ಪಿಗೆ ಕೇಳಿದ್ದು ಆಗಲೇ. ತಾವು ಒಂದು ಕ್ಷಣವೂ ತಡೆಯದೆ, "ಕಟ್ಟಿ ಚಾಕ್, ನಿಮ್ಮ ಮನೆ, ನಾನ್ಯಾರು ಬೇಡ ಅನ್ನೋಕೆ? ಈ ಭಾನುವಾರ ಒಂದು ಮದುವೆ ಊಟ ಇದೆ, ಅದೊಂದು ಮುಗಿದುಹೋಗ್ಲಿ" ಎಂದಿರಿ.

ಈ ಭಾನುವಾರ. ಅವನು ಬೇಡಿಕೊಂಡ, ಮಾನ್ಯರೇ. ಮುಂದಿನ ವಾರಕ್ಕೆ ತಳ್ಳಿ ಎಂದ. ತಾವು ತಲೆಯಾಡಿಸಿ, "ಆಗಲ್ಲ ಚಾಕ್. ಹುಡುಗ ಹುಡುಗಿ ಹುಟ್ಟಿದ ದಿನ ಕೂಡಿಸಿ ಲೆಕ್ಕ ಹಾಕಿ ತೆಗೆದಿರೋ ದಿನ ಅದು. ಇದೇ ಗಲ್ಲೀದೇ ಒಂದು ಜೋಡಿ. ಪಾಪ, ಊಟ ಹಾಕಿಸೋಕೆ ಆಗದೆ ಹಾಗೇ ಮದುವೆ ಆಗಿಬಿಟ್ಟಿದಾರೆ. ನಾವಲ್ದೆ ಇನ್ಯಾರು ಮಾಡ್ತಾರೆ ಹೇಳಿ" ಎಂದಿರಿ. ಲೆಕ್ಕಾಚಾರದಲ್ಲಿ ನಿಸ್ಸೀಮನಾದ ನನ್ನ ಗಂಡ ಮನೆಗೆ ಬಂದು, "ಯಾರೋ ಬಡವರು ಕಣೆ, ಪಾಪ" ಎಂದು ನಿಟ್ಟುಸಿರು ಬಿಟ್ಟು, ಬಾಡಿಗೆ ಕುರ್ಚಿಗಳಿಗೆ ನಮ್ಮ ಪಾಲನ್ನೂ ಕೊಟ್ಟುಬಂದ.

ನಾನೇನು ಕಡಿಮೆ? ಶನಿವಾರ ಗಲ್ಲಿಯ ಹೆಂಗಸರೆಲ್ಲ ಬು ಸುಲಾಮಿಯವರ ಹಿತ್ತಲಲ್ಲಿ ಅಡುಗೆಯ ನೆರವಿಗೆ ಸೇರಿದಾಗ ನಾನೂ ಹೋದೆ. ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎನ್ನುವಷ್ಟು ನಾನು ಆಗಲೇ ಕೆಟ್ಟಿದ್ದೆ. ನನಗೆ ಸಣ್ಣ ಈರುಳ್ಳಿಯ ರಾಶಿ ಕೊಟ್ಟರು. ಕಣ್ಣಲ್ಲಿ ನೀರು ಸುರಿಸುತ್ತಾ, "ಈ ಮದುಮಗಳಿಗೆ ಅದೆಷ್ಟು ಹೊಟ್ಟೆಬಾಕ ನೆಂಟರಪ್ಪಾ" ಎಂದು ಗೊಣಗಿದೆ. ಬು ರುಕಯಾ ಅವರು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿ, "ಸಿಕ್ಕಾಪಟ್ಟೆ ಇದಾರೆ ನಿಂಗ್. ಪಾಪ, ಅವಳಿಗೇ ಗೊತ್ತಿಲ್ಲ" ಎಂದದ್ದಕ್ಕೆ ಎಲ್ಲರೂ ಮೊರ ಕೆಳಗಿಟ್ಟು ನಕ್ಕರು. ಈರುಳ್ಳಿಯ ಘಾಟಿಗೆ ಇವರಿಗೂ ಹೀಗಾಗಿದೆ ಎಂದುಕೊಂಡೆ. ಆಮೇಲೆ ಬು ಸುಲಾಮಿಯವರು ಗಿಳಿಹಸಿರಿನ, ಅಂಚಿಗೆ ಜರಿಯೇ ಜರಿ ಇರುವ ಕೆಬಾಯಾ ರವಿಕೆಯೊಂದನ್ನು ತಂದು, "ಮದುಮಗಳದ್ದು ನಿನ್ನದೇ ಅಳತೆ, ಒಂದ್ಸಲ ತೊಟ್ಟು ತೋರ್ಸು" ಎಂದರು. ತೊಟ್ಟೆ. ಕನ್ನಡಿ ನೋಡಿಕೊಂಡು, "ಅಳತೆ ಸರಿಯಾಗಿದೆ ಬು, ಆದ್ರೆ ಹುಡುಗೀದು ಅಭಿರುಚಿ ಸ್ವಲ್ಪ ಜೋರೇ" ಎಂದೆ. ಇದನ್ನು ನಾನು ಗಟ್ಟಿಯಾಗಿ, ಅಷ್ಟೂ ಜನರ ಮುಂದೆ ಹೇಳಿದೆ ಎಂಬುದನ್ನು ಅಲ್ಲಿದ್ದ ಯಾರೂ ನನಗೆ ಮರೆಯಲು ಬಿಟ್ಟಿಲ್ಲ.

ತಿಳಿಯಬೇಕಿತ್ತು, ನಿಜ. ನಾವು ಬಂದ ಹೊಸತರಲ್ಲೇ ಹೆಂಗಸರು ಒಬ್ಬೊಬ್ಬರಾಗಿ ಬಂದು ನಮ್ಮ ನಡುಮನೆಯ ಗೋಡೆಯನ್ನು ದಿಟ್ಟಿಸಿ, "ಮದುವೆ ಫೋಟೋ ಎಲ್ಲಿ ನಿಂಗ್?" ಎಂದು ಕೇಳಿ, ನಾನು "ಫೋನಲ್ಲಿದೆ" ಎಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಮೊನ್ನೆ ಮೊನ್ನೆ ಬು ಸುಲಾಮಿಯವರು ಏನೂ ಅಲ್ಲವೆಂಬಂತೆ, ನೀನು ಹುಟ್ಟಿದ್ದು ಯಾವ ಸಂತೆಯ ದಿನ ಎಂದು ವಿಚಾರಿಸಿದ್ದರು. ಜಾವಾದ ಪಂಚಾಂಗದಲ್ಲಿ ಸರದಿಯಂತೆ ಬರುವ ಐದು ಸಂತೆಯ ದಿನಗಳಲ್ಲಿ ನನ್ನದು ಯಾವುದೆಂದು ನನಗೇನು ಗೊತ್ತು? "ನಾನು ವರ್ಗೋ" ಎಂದು ನನಗೆ ಗೊತ್ತಿದ್ದ ಇಂಗ್ಲಿಷ್ ರಾಶಿಯನ್ನು ಹೇಳಿದೆ. "ಅದೆಲ್ಲಿ ನಡೆಯತ್ತೆ ಆ ಸಂತೆ?" ಎಂದು ಅವರು ಮರುಕದಿಂದ ಕೇಳಿದರು. ಕೊನೆಗೆ ಅಮ್ಮನಿಗೆ ಫೋನು ಮಾಡಿದೆ. ಎಲ್ಲದಕ್ಕೂ "ಯಾಕೆ?" ಎಂದು ಕೇಳುವ ನನ್ನ ಅಮ್ಮ ಆ ದಿನ ಯಾಕೆ ಎಂದು ಕೇಳಲಿಲ್ಲ. ನನ್ನದೂ ಅಳಿಯನದೂ ಎರಡನ್ನೂ ಸರಸರನೆ ಹೇಳಿ, ಮಳೆ ತಡವಾಗುತ್ತಿದೆ ಎಂದು ಫೋನಿಟ್ಟರು.

ಭಾನುವಾರ ಬೆಳಿಗ್ಗೆ ಬು ವಿದೂರಿಯವರಿಗೆಂದು ಕೇಕು ತರಲು ನಾವಿಬ್ಬರೂ ಪೇಟೆಗೆ ಹೋಗಿದ್ದೆವು. ಹಿಂದಿರುಗುವಾಗ ಗಲ್ಲಿಯ ಬಾಯಿಯಲ್ಲಿ ಎಳೆ ತೆಂಗಿನ ಗರಿಯ ಕಮಾನು ಬಾಗಿ ನಿಂತಿತ್ತು, ಅದರ ಕೆಳಗೆ ಮದುಮಕ್ಕಳ ಹೆಸರುಗಳ ಹಲಗೆ. ತಮ್ಮ ಫಲಕದ ಆಜ್ಞೆಯಂತೆ ಗಾಡಿ ನಿಲ್ಲಿಸಿ ಇಳಿದ ದಮಾರ್ ಹಲಗೆ ನೋಡಿ, "ಹುಡುಗನ ಹೆಸರೂ ದಮಾರ್ ಅಂತೆ ಕಣೆ" ಎಂದು ಖುಷಿಪಟ್ಟ. ಆಮೇಲೆ ಹುಡುಗಿಯ ಹೆಸರು ಓದಿದ. ಆಮೇಲೆ ಬಹಳ ನಿಧಾನವಾಗಿ ಹೆಲ್ಮೆಟ್ ತೆಗೆದ.

ಮೈಕಿನಲ್ಲಿ ತಮ್ಮ ದನಿ, "ಬಂದ್ರು, ಬಂದ್ರು. ಗಾಡಿ ತಳ್ಕೊಂಡೇ ಬರ್ಲಿ, ಯಾರಿಗೂ ವಿನಾಯಿತಿ ಇಲ್ಲ" ಎಂದು ಇಡೀ ಕೇರಿಗೆ ಸಾರಿತು. ಶಾಮಿಯಾನದ ಕೆಳಗೆ ಎರಡೂ ಬದಿಯ ಕುರ್ಚಿಗಳಲ್ಲಿ ಕೂತವರೆಲ್ಲ ತಿರುಗಿ ನೋಡುತ್ತಿದ್ದರು, ನಾವು ಗಾಡಿಯನ್ನೂ ಕೇಕನ್ನೂ ಹಿಡಿದು ಅವರ ನಡುವೆ ನಡೆದು ಬಂದೆವು. ಮೊದಲ ಸಾಲಿನಲ್ಲಿ ನನ್ನ ಅಮ್ಮ ರೇಷ್ಮೆಯಲ್ಲಿ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಗಿಳಿಹಸಿರು ನಾನೇ ಆರ್ಸಿದ್ದು. ಅಭಿರುಚಿ ಜೋರು ಅಂದ್ಯಂತೆ?" ಎಂದರು. ನಮ್ಮ ಮದುವೆಯಾದಾಗಿನಿಂದ ಹವಾಮಾನವೂ ಸಂತೆಯ ದಿನವೂ ಅಲ್ಲದ ಅವರ ಮೊದಲ ಮಾತು ಅದು. ನಾನು ಅಲ್ಲೇ ಅತ್ತೆ. ಇಲ್ಲಿ ಈರುಳ್ಳಿ ಇರಲಿಲ್ಲ.

ಹೀಗೆ ನಮ್ಮನ್ನು ನಮ್ಮದೇ ಮುಂಬಾಗಿಲಿಗೆ ಆತುಕೊಂಡ ಸಿಂಹಾಸನದಲ್ಲಿ ಕೂರಿಸಿ, ತಾವು ನಮ್ಮ ಪ್ರೇಮದ ಬಗ್ಗೆ, ತಮಗೆ ಏನೇನೂ ಗೊತ್ತಿಲ್ಲದಿದ್ದರೂ, ದೀರ್ಘವಾಗಿ ಮಾತಾಡುತ್ತಿದ್ದಾಗ ಬು ವಿದೂರಿಯವರು ಬಂದರು. ಯಾರನ್ನೂ ಏನೂ ಕೇಳಲಿಲ್ಲ. ಕುರ್ಚಿ ಎಳೆದು ಕೂತರು, ಕಪ್ಪು ಸಾರಿನ ರಾವೊನ್ ಬಡಿಸಿಕೊಂಡು ಉಂಡರು, ಮತ್ತೊಮ್ಮೆ ಬಡಿಸಿಕೊಂಡರು, ಭಾಷಣ ಮುಗಿಸಿ ತಾವು ಹಾಡಿದ ಹಾಡಿಗೆ ಚಪ್ಪಾಳೆಯನ್ನೂ ತಟ್ಟಿದರು. ನಂತರ ಸಾಲಿನಲ್ಲಿ ನಿಂತು ವೇದಿಕೆ ಹತ್ತಿ ನನ್ನ ಕೈ ಹಿಡಿದುಕೊಂಡು, "ಮನೆ ನೋಡಿದ ಹಾಗೇ ಆಯ್ತಮ್ಮ. ಒಳಗೆ ನೋಡೋದು ಏನೂ ಉಳಿದಿಲ್ಲ. ಇಂಥ ಗಲ್ಲಿ ಎಲ್ಲಿ ಸಿಗತ್ತೆ? ನೀವು ಹೇಳಿದ ಬೆಲೆಗೇ ಆಗ್ಲಿ" ಎಂದರು.

ನಾವು ಕಾದಿದ್ದ ಮಾತು ಅದೇ. ಫ್ಲಾಟು, ಈಜುಕೊಳ, ಎತ್ತರ, ಎಲ್ಲವೂ ಆ ಒಂದು ಮಾತಿನ ಆಚೆ ಬದಿಗಿದ್ದವು. ನಾನು ದಮಾರನ ಕಡೆ ನೋಡಿದೆ. ಅವನು ಸುರಬಾಯಾದವನು, ಇದ್ದದ್ದನ್ನು ಇದ್ದಂತೆ ಮುಖಕ್ಕೇ ಹೇಳುವ ಜಾತಿ. ಅಂಥವನು, "ಬು, ರಾವೊನ್ ಬಡಿಸಿದ್ರಾ?" ಎಂದ.

"ಎರಡು ಸಲ ಆಯ್ತಪ್ಪ. ಮುಂಗಡ ನಾಳೆನೇ ತರ್ತೀನಿ" ಎಂದರು ಬು ವಿದೂರಿ.

"ಇನ್ನೊಂದು ಸ್ವಲ್ಪ ಹಾಕ್ಕೊಳ್ಳಿ. ಕೃಪುಕ್ ಖಾಲಿ ಆದ ಹಾಗಿದೆ, ತರಿಸ್ತೀನಿ ಇರಿ" ಎಂದ ನನ್ನ ಗಂಡ, ಅವರ ಕಣ್ಣು ತಪ್ಪಿಸಿ ಶಾಮಿಯಾನದ ಅಂಚನ್ನು ನೋಡುತ್ತಾ.

ಎಲ್ಲವನ್ನೂ ಸುತ್ತಿಬಳಸಿಯೇ ಹೇಳುವ ಸೋಲೋ ಕಡೆಯವರಿಗೆ "ಇಲ್ಲ" ಎಂಬ ಶಬ್ದದ ಅಗತ್ಯ ಬೀಳುವುದಿಲ್ಲ. ಅವರು ಅವನನ್ನು ನೋಡಿದರು, ಗಿಳಿಹಸಿರಿನ ನನ್ನನ್ನು ನೋಡಿದರು, ಮೊದಲ ಸಾಲಿನಲ್ಲಿ ಮೂಗೊರೆಸಿಕೊಳ್ಳುತ್ತಿದ್ದ ನನ್ನ ಅಮ್ಮನನ್ನು ನೋಡಿ ನಕ್ಕರು. "ಸರಿ ಹಾಗಾದ್ರೆ. ಮುಂದಿನ ವರ್ಷ ನನ್ನ ಮಗಳ ಮದುವೆ. ಈ ವೇದಿಕೆ ಒಂದು ದಿನದ ಮಟ್ಟಿಗೆ ಕೇಳಬಹುದಾ?" ಎಂದರು.

"ಅದನ್ನ ಪಾಕ್ ಕಸಿಯಾದಿಯವರನ್ನ ಕೇಳ್ಬೇಕು ಬು," ಎಂದ ದಮಾರ್. "ನಮ್ಮದು ಮನೆ ಮಾತ್ರ."

ಆ ಸಂಜೆ ಕುರ್ಚಿಗಳನ್ನು ಜೋಡಿಸಿಡುವ ಹೊತ್ತಿಗೆ ಮೊದಲ ಮಳೆ ಬಿತ್ತು. ಫ್ಲಾಟು ಕೈತಪ್ಪಿತು.

ಮಾನ್ಯರೇ, ಈಗ ತಾವೇ ಹೇಳಿ, ನಾನು ಯಾರನ್ನು ದೂರಬೇಕು? ಭಯದಿಂದ ಅಗ್ಗವಾಗಿದ್ದ ಆಸ್ತಿಯೊಂದನ್ನು ತಾವು ನಮಗೆ ಮಾರಲಾಗದಷ್ಟು ದುಬಾರಿ ಮಾಡಿಟ್ಟಿದ್ದೀರಿ. ಆದ್ದರಿಂದ ನನ್ನ ಬೇಡಿಕೆಗಳನ್ನು ದಯವಿಟ್ಟು ಮುಂದಿನ ಭಾನುವಾರದ ಭಾಷಣಕ್ಕೆ ಮೊದಲು ಈಡೇರಿಸಬೇಕು. ತಾವು ಖುದ್ದಾಗಿ ಆ ಫ್ಲಾಟಿನ ಕಂಪನಿಗೆ ಹೋಗಿ, ಅಷ್ಟು ಎತ್ತರದ ಮಹಡಿಯಲ್ಲಿ ಚರಂಡಿ ಇಲ್ಲದ ಕಾರಣ ಚಾಕ್ ದಮಾರ್ ಅಲ್ಲಿ ಬದುಕುವಂತಿಲ್ಲವೆಂದು ವಿವರಿಸಬೇಕು. ಬು ರುಕಯಾ ಅವರು ನಮ್ಮ ಮನೆಯನ್ನು ಹೊಗಳುವುದನ್ನು ಮುಂದುವರಿಸಬೇಕು, ಇನ್ನೂ ಜೋರಾಗಿ, ಯಾರಾದರೂ ಕೊಳ್ಳಲು ಬಂದಾರು. ನನ್ನ ಅಮ್ಮ ಈಗ ಹವಾಮಾನವನ್ನು ಬಿಟ್ಟು ಉಳಿದೆಲ್ಲ ವಿಷಯಗಳನ್ನೂ ದಿನಕ್ಕೆ ನಾಲ್ಕು ಸಲ ಫೋನು ಮಾಡಿ ಮಾತಾಡುತ್ತಿರುವುದರಿಂದ, ತಾವು ಅವರಿಗೆ ಮತ್ತೆ ಸ್ವಲ್ಪ ಮುನಿಸು ಬರಿಸಬೇಕು. ಮತ್ತು ಗೋಡೆಗೆ ತಾವು ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬೇಕು. ಇಟ್ಟಿಗೆ ಬಂದಿದೆ, ನಿಜ. ಅದರಲ್ಲಿ ಜಗಲಿಯನ್ನು ಗಲ್ಲಿಯ ಕಡೆಗೆ ಒಂದು ಮೊಳ ಚಾಚೋಣ ಎನ್ನುತ್ತಿದ್ದಾನೆ ದಮಾರ್, ಸಿಂಹಾಸನವನ್ನು ಸ್ವಲ್ಪ ಮುಂದೆ ಇಟ್ಟರೆ ಹಿಂದೆ ಒಬ್ಬ ಮನುಷ್ಯ ಹೆಲ್ಮೆಟ್ ಹಾಕಿಕೊಂಡು ಯಾರ ಕೈಯನ್ನೂ ಕುಲುಕದೆ ಕಚೇರಿಗೆ ಹೋಗಬಹುದಂತೆ. ಈ ವಿಸ್ತರಣೆಗೆ ತಮ್ಮ ಒಪ್ಪಿಗೆ ಬೇಕೇ ಎಂದು ನಾನು ಕೇಳಿದೆ. "ಕೇಳೋ ಪದ್ಧತಿ ಇಲ್ಲ" ಎಂದ.

ಇಂತು, ತಮ್ಮ ವಿಶ್ವಾಸಿಯೂ ತಮ್ಮ ವೇದಿಕೆಯ ಹಿಂಭಾಗದಲ್ಲಿ ವಾಸಿಸುವವಳೂ ಆದ,

ಲರಾಸ್
ತುದಿಮನೆ, ಕೆನಾಂಗಾ ಗಲ್ಲಿ

ತಾ.ಕ.: ನಮ್ಮ ಗೋಡೆಯ ಮೇಲೆ ಈಗ ಮದುವೆ ಫೋಟೋ ಇದೆ, ಬಾಗಿಲಿನಷ್ಟು ದೊಡ್ಡದು, ಗಲ್ಲಿಯವರೇ ಚೌಕಟ್ಟು ಹಾಕಿಸಿ ಕೊಟ್ಟದ್ದು. ಅಂದು ತೆಗೆದ ಅಷ್ಟೂ ಫೋಟೋಗಳಲ್ಲಿ ಹುಡುಕಿದ್ದರಲ್ಲಿ ಇದೇ ಉತ್ತಮವಂತೆ. ಎಡಕ್ಕೆ ದಮಾರ್, ಬಲಕ್ಕೆ ನಾನು, ನಮ್ಮಿಬ್ಬರ ನಡುವೆ, ನನ್ನ ಗಂಡನ ಮುಖದ ಅರ್ಧವನ್ನು ಮರೆಮಾಡಿ, ಮೈಕು ಹಿಡಿದು ನಿಂತಿರುವವರು ತಾವು. ಮುಂದಿನ ಸಲ ದಯವಿಟ್ಟು ಹೆಲ್ಮೆಟ್ ಹಾಕಿಕೊಳ್ಳಿ.